ಅಗ್ಗದಲ್ಲಿ ಅರ್ಘವಿರಲಿ

(ಸಂತೇಬೆನ್ನೂರಿನಲ್ಲಿ ಶ್ರಾವಣಮಾಸದ ಪ್ರವಚನ ಕಾಲದಲ್ಲಿ ದಯಪಾಲಿಸಿದ ಆಶೀರ್ವಚನ)



ಪ್ರವಚನವೆಂದರೆ ಜೀವಾತ್ಮ, ಪರಮಾತ್ಮ, ಮಾಯೆ, ಮುಕ್ತಿ ಇವುಗಳ ವಿಚಾರವೇ ಆಗಬೇಕೆಂದು ಅನೇಕರು ಭಾವಿಸಿರುತ್ತಾರೆ. ಅದು ತಪ್ಪಲ್ಲ. ಆದರೆ ಹೊಲ, ಕೊಟ್ಟಿಗೆ, ಅಡುಗೆಮನೆ, ಸಂತೆ ಇವುಗಳನ್ನು ಬಿಟ್ಟು ಧರ್ಮಕ್ಕೆ ಬೇರೊಂದು ಠಾವು ಎಲ್ಲಿದೆ? ಪೂಜೆಗೆ ಕುಳಿತಾಗ ಅರ್ಧ ಗಳಿಗೆ ಧರ್ಮವನ್ನು ನೆನೆದು, ಸಂತೆಗೆ ಹೋದಾಗ ಅರ್ಧ ದಿನ ಅದನ್ನು ಮರೆತರೆ, ಲೆಕ್ಕದಲ್ಲಿ ಯಾವುದು ಹೆಚ್ಚಾಯಿತು? ನೀವೇ ಹೇಳಿ. ಆದುದರಿಂದ ಈ ದಿನ ಸಂತೆಯ ವಿಚಾರವನ್ನೇ ತೆಗೆದುಕೊಳ್ಳೋಣ. ಅದರಲ್ಲಿಯೂ ಒಬ್ಬರು ಬಳಸಿದ ಹಳೆಯ ವಸ್ತುವನ್ನು ಕಡಿಮೆ ಬೆಲೆಗೆ ಕೊಳ್ಳುವಾಗ ಇರಬೇಕಾದ ವಿವೇಕ ಎಂಥದು ಎಂಬುದನ್ನು ನೋಡೋಣ.

ಈ ವಿಷಯ ಏಕೆ ಬಂದಿತೆಂದರೆ, ಮಠಕ್ಕೆ ಬರುವ ತಾಯಂದಿರು ಮತ್ತೆ ಮತ್ತೆ ಕೇಳುವುದುಂಟು: "ಬುದ್ಧೀ, ಹೊಸದು ಕೊಳ್ಳಲು ಕೈಯಲ್ಲಿ ಆಗುವುದಿಲ್ಲ. ಸಂತೆಯಲ್ಲಿ ಹಳೆಯದು ಅಗ್ಗಕ್ಕೆ ಸಿಗುತ್ತದೆ. ಕೊಳ್ಳಬಹುದೋ ಬಾರದೋ?" ಒಬ್ಬರಿಗೆ ಅದು ಮಾನದ ಪ್ರಶ್ನೆ. ಇನ್ನೊಬ್ಬರಿಗೆ ಮೋಸಹೋಗುವ ಭಯ. ಮತ್ತೊಬ್ಬರ ಮನೆಯಲ್ಲಿ ಅಗ್ಗವೆಂದು ತಂದ ಸಾಮಾನು ಅಟ್ಟದ ತುಂಬ ಬಿದ್ದಿದೆ, ಸಾಲ ಮಾತ್ರ ತೀರಿಲ್ಲ. ಮೂವರಿಗೂ ಉತ್ತರ ಹೇಳಬೇಕಾಗಿದೆ.

ಈ ಊರಿನಲ್ಲಿ ಈ ಮಾತನ್ನಾಡುವುದು ಉಚಿತವೇ ಆಗಿದೆ. ಊರಿನ ಹೆಸರಿನಲ್ಲಿಯೇ ಸಂತೆಯಿದೆ. ನಮ್ಮ ನಾಡಿನಲ್ಲಿ ಸಂತೇಶಿವರ, ಸಂತೇಮರಹಳ್ಳಿ, ಸಂತೇಬಾಚಹಳ್ಳಿ ಎಂದು ಸಂತೆಯ ಹೆಸರು ಹೊತ್ತ ಊರುಗಳು ಎಷ್ಟೋ ಇವೆ. ಸಂತೆಯೆಂದರೆ ಬರಿಯ ತರಕಾರಿ, ಕಾಳು, ಸೀರೆಗಳ ವ್ಯಾಪಾರವಲ್ಲ. ಒಂದು ಮಗ್ಗುಲಲ್ಲಿ ತಾಡಪಾಲು ಹಾಸಿ ಹಳೆಯ ಹಾರೆ, ಗುದ್ದಲಿ, ಕುಡುಗೋಲು, ಬೀಗ, ತಕ್ಕಡಿ, ಕಂಚಿನ ಗಂಗಾಳ, ತಾಮ್ರದ ಕೊಡಗಳನ್ನು ಹರಡಿಕೊಂಡು ಕುಳಿತವರನ್ನೂ ನೀವು ಕಂಡಿದ್ದೀರಿ. ದನಗಳ ಸಂತೆಯಲ್ಲಿ ಬೇರೊಬ್ಬರ ಹೊಲ ಉತ್ತ ಎತ್ತನ್ನು ನೀವು ಕೊಳ್ಳುತ್ತೀರಿ. ಪಟ್ಟಣದ ಗುಜರಿ ಅಂಗಡಿಯೂ ಇದೇ ಜಾತಿಯದು. ಹಳೆಯ ಬಟ್ಟೆಗೆ ಸ್ಟೀಲಿನ ಪಾತ್ರೆ ಕೊಡುತ್ತ ಮನೆಬಾಗಿಲಿಗೆ ಬರುವ ಹೆಂಗಸರ ವ್ಯಾಪಾರವೂ ಇದೇ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕ ಕೊಂಡು ಓದಿ ಪದವಿ ಪಡೆದ ಬಡವರ ಮಕ್ಕಳು ನಮ್ಮ ಭಕ್ತರಲ್ಲಿಯೇ ಇದ್ದಾರೆ.

ಹಳೆಯದನ್ನು ಕೊಳ್ಳುವುದು ಅವಮಾನವೇ? ಮೊದಲು ಈ ಶಂಕೆಯನ್ನು ಪರಿಹರಿಸಿಬಿಡೋಣ. ನಿಮ್ಮೂರಿನ ಪುಷ್ಕರಣಿಯನ್ನು ನೋಡಿರಿ. 16ನೆಯ ಶತಮಾನದಲ್ಲಿ ಹನುಮಪ್ಪ ನಾಯಕನು ಕಟ್ಟಿಸಿದ್ದು. ಅದರ ಮೆಟ್ಟಿಲುಗಳು, ನಡುವಣ ವಸಂತ ಮಂಟಪ ಇಂದಿಗೂ ನಿಂತಿವೆ. ದೂರದಿಂದ ಜನ ನೋಡಲು ಬರುತ್ತಾರೆ. ಹಳೆಯದೆಂದು ಯಾರೂ ಅದನ್ನು ಹೀನವೆನ್ನುವುದಿಲ್ಲ. ಗುಡಿ ಶಿಥಿಲವಾದರೆ ಅದನ್ನು ಸರಿಪಡಿಸುವುದಕ್ಕೆ ಜೀರ್ಣೋದ್ಧಾರ ಎಂಬ ದೊಡ್ಡ ಹೆಸರಿಟ್ಟಿದ್ದೇವೆ. ಜೀರ್ಣವಾದದ್ದನ್ನು ಮೇಲೆತ್ತುವುದು ಗುಡಿಯ ವಿಷಯದಲ್ಲಿ ಪುಣ್ಯವಾದರೆ, ಒಂದು ಹೊಲಿಗೆ ಯಂತ್ರದ ವಿಷಯದಲ್ಲಿ ಪಾಪ ಹೇಗಾದೀತು? ಮುರುಕು ಕುರ್ಚಿಗೆ ಕಾಲು ಕೂಡಿಸಿ, ಮಾಸಿದ ಕೊಡಕ್ಕೆ ಕಲಾಯಿ ಹಾಕಿಸಿ ಬಳಸುವವನು ತನ್ನ ಮನೆಯಲ್ಲಿ ಒಂದು ಚಿಕ್ಕ ಜೀರ್ಣೋದ್ಧಾರ ಮಾಡಿದಂತೆಯೇ.

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಭಕ್ತರ ಮಕ್ಕಳು ಊರಿಗೆ ಬಂದಾಗ ಹೇಳುತ್ತಾರೆ. ಅಲ್ಲಿ ಮನೆ ಬದಲಾಯಿಸುವವರು, ಮಕ್ಕಳು ದೊಡ್ಡವರಾದವರು, ವಾರದ ರಜೆಯ ದಿನ ಬೆಳಿಗ್ಗೆ ಕುರ್ಚಿ, ಮೇಜು, ತೊಟ್ಟಿಲು, ಸೈಕಲ್ಲುಗಳನ್ನು ಮನೆಯಂಗಳದಲ್ಲಿಯೇ ಇಟ್ಟು, ಬೆಲೆಯ ಚೀಟಿ ಅಂಟಿಸಿ ಮಾರುತ್ತಾರಂತೆ. ಅದಕ್ಕೆ ಯಾರ್ಡ್ ಸೇಲ್ ಎಂದು ಹೆಸರು. ನಮ್ಮ ಮಾತಿನಲ್ಲಿ ಅಂಗಳದ ಸಂತೆ ಎನ್ನಬಹುದು. ಅನುಕೂಲವಂತರೂ ಅಲ್ಲಿ ನಾಚಿಕೆಯಿಲ್ಲದೆ ಕೊಳ್ಳುತ್ತಾರೆ. ಇಲ್ಲಿ ನಾವು ಮಗಳ ಮದುವೆಗೆ ಸಾಲ ಮಾಡಿ ಹೊಸ ಪಾತ್ರೆ ಕೊಂಡು, ಹತ್ತು ವರ್ಷ ಬಡ್ಡಿ ಕಟ್ಟುತ್ತೇವೆ. ಮಾನ ಹೋಗುವುದು ಹಳೆಯ ಪಾತ್ರೆಯಿಂದಲೋ, ಸಾಲಗಾರ ಬಾಗಿಲಿಗೆ ಬಂದು ನಿಲ್ಲುವುದರಿಂದಲೋ ಯೋಚಿಸಿರಿ.

ಆದರೆ ಹಳೆಯದೆಲ್ಲ ಒಳ್ಳೆಯದು, ಅಗ್ಗವಾದದ್ದೆಲ್ಲ ಲಾಭ ಎಂದು ನಾವು ಹೇಳುತ್ತಿಲ್ಲ. ಅಗ್ಗ ಎಂಬ ಮಾತನ್ನೇ ಸ್ವಲ್ಪ ವಿಚಾರಿಸೋಣ. ಅದು ಸಂಸ್ಕೃತದ ಅರ್ಘ ಶಬ್ದದ ತದ್ಭವ. ಅರ್ಘವೆಂದರೆ ಬೆಲೆ, ಯೋಗ್ಯತೆ. ಹೆಚ್ಚು ಬೆಲೆಯದು ಮಹಾರ್ಘ. ಪೂಜ್ಯರಿಗೆ ಕೊಡುವ ಅರ್ಘ್ಯವೂ ಇದೇ ಬಳಗದ ಮಾತು. ನೋಡಿ, ಮೂಲದಲ್ಲಿ ಅಗ್ಗವೆಂದರೆ ಯೋಗ್ಯತೆ. ನಾವು ಬಳಸುತ್ತ ಬಳಸುತ್ತ ಅದನ್ನು ಕಡಿಮೆ ಬೆಲೆ ಎಂದಷ್ಟೇ ಮಾಡಿಕೊಂಡೆವು. ಅಗ್ಗದಲ್ಲಿ ಅರ್ಘವಿದ್ದರೆ ಅದು ಲಾಭ. ಅರ್ಘವಿಲ್ಲದ ಅಗ್ಗ ಬರಿಯ ಮೋಹ. ಅರ್ಘ ಇದೆಯೋ ಇಲ್ಲವೋ ಎಂದು ತಿಳಿಯಲು ಮೂರು ಪ್ರಶ್ನೆಗಳುಂಟು. ನನಗೆ ಇದು ಬೇಕೆ? ಇದು ಬಾಳೀತೆ? ಇದು ಯಾರದು? ಈ ಮೂರನ್ನು ಕೇಳದೆ ಸಂತೆಯಲ್ಲಿ ಗಂಟು ಬಿಚ್ಚಬೇಡಿರಿ.

ಮೊದಲನೆಯದು, ಬೇಕೆ ಎಂಬ ಪ್ರಶ್ನೆ. ಎಂಟುನೂರು ರೂಪಾಯಿಯ ವಸ್ತು ಮುನ್ನೂರಕ್ಕೆ ಸಿಕ್ಕಿತು, ಐನೂರು ಉಳಿಯಿತು ಎಂದು ಹಿಗ್ಗುತ್ತೇವೆ. ಆ ವಸ್ತು ಮನೆಗೆ ಬೇಕಾಗಿದ್ದರೆ ಮಾತು ನಿಜ. ಬೇಡವಾಗಿದ್ದರೆ ಐನೂರು ಉಳಿಯಲಿಲ್ಲ, ಮುನ್ನೂರು ಹೋಯಿತು. ಇದು ಒಂದನೆಯ ತರಗತಿಯ ಹುಡುಗನಿಗೂ ತಿಳಿಯುವ ಲೆಕ್ಕ. ಸಂತೆಯ ಗದ್ದಲದಲ್ಲಿ ಮಾತ್ರ ದೊಡ್ಡವರಿಗೆ ಮರೆತುಹೋಗುತ್ತದೆ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ನಿಮಗೆ ಗೊತ್ತು. 12ನೆಯ ಶತಮಾನದ ಕಲ್ಯಾಣದಲ್ಲಿ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಅಕ್ಕಿ ಹೆಚ್ಚಾಗಿ ಚೆಲ್ಲಿತ್ತು. ಮಾರಯ್ಯ ಎಂದಿಗಿಂತ ಹೆಚ್ಚು ಆಯ್ದು ತಂದ. ದುಡ್ಡು ಕೊಟ್ಟದ್ದಲ್ಲ, ಕದ್ದದ್ದಲ್ಲ, ಬಿದ್ದದ್ದನ್ನು ಆಯ್ದದ್ದು. ಇದಕ್ಕಿಂತ ಅಗ್ಗ ಇನ್ನಾವುದಿದ್ದೀತು? ಆದರೂ ಲಕ್ಕಮ್ಮ ಒಪ್ಪಲಿಲ್ಲ. ನಮಗೆ ದಿನಕ್ಕೆ ಬೇಕಾದಷ್ಟಕ್ಕಿಂತ ಹೆಚ್ಚಿನದು ಏಕೆ ಎಂದು ಕೇಳಿ, ಅಧಿಕವಾದದ್ದನ್ನು ಬಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ತಾಯಂದಿರೇ, ನಿಮ್ಮ ಮನೆಯಲ್ಲಿ ಲಕ್ಕಮ್ಮನ ಸ್ಥಾನ ನಿಮ್ಮದು. ಸಂತೆಯಿಂದ ಬಂದ ಚೀಲ ಬಿಚ್ಚುವಾಗ ಗಂಡನನ್ನೋ ಮಗನನ್ನೋ ಆ ಪ್ರಶ್ನೆ ಕೇಳುವ ಅಧಿಕಾರ ನಿಮಗಿದೆ. ನೀವೇ ತಂದಿದ್ದರೆ ನಿಮ್ಮನ್ನು ನೀವೇ ಕೇಳಿಕೊಳ್ಳಿರಿ.

ಇದಕ್ಕೆ ಉಪಾಯವೂ ಸುಲಭ. ಮನೆಯಲ್ಲಿ ಕುಳಿತಾಗಲೇ ಬೇಕಾದ ವಸ್ತುಗಳ ಪಟ್ಟಿ ಬರೆಯಿರಿ. ಅಷ್ಟಕ್ಕೆ ಸಾಕಾಗುವ ಹಣವನ್ನು ಮಾತ್ರ ಸೆರಗಿಗೆ ಗಂಟು ಹಾಕಿಕೊಂಡು ಹೋಗಿರಿ. ಅದೇ ವಸ್ತುವಿನ ಹೊಸ ಬೆಲೆ ಅಂಗಡಿಯಲ್ಲಿ ಎಷ್ಟೆಂದು ಮುಂಚೆಯೇ ವಿಚಾರಿಸಿಕೊಳ್ಳಿರಿ. ಹೊಸದರ ಬೆಲೆ ತಿಳಿಯದವನಿಗೆ ಹಳೆಯದು ಅಗ್ಗವೋ ತುಟ್ಟಿಯೋ ಹೇಗೆ ಗೊತ್ತಾಗಬೇಕು? ಪಟ್ಟಿಯಲ್ಲಿಲ್ಲದ ವಸ್ತು ಕಣ್ಣಿಗೆ ಬಿದ್ದು ಮನಸ್ಸು ಎಳೆದರೆ, ಮುಂದಿನ ಸಂತೆಗೆ ನೋಡೋಣ ಎನ್ನಿರಿ. ಏಳು ದಿನ ಕಳೆದ ಮೇಲೂ ಬೇಕೆನಿಸಿದರೆ ಅದು ಅಗತ್ಯ. ಮರೆತೇ ಹೋದರೆ ಅದು ಚಪಲ.

ಎರಡನೆಯದು, ಬಾಳೀತೆ ಎಂಬ ಪ್ರಶ್ನೆ. ಇಲ್ಲಿ ಭಕ್ತಿ ಸಾಲದು, ಪರೀಕ್ಷೆ ಬೇಕು. ಹಳೆಯ ವಸ್ತುವನ್ನು ಹಗಲು ಬೆಳಕಿನಲ್ಲಿಯೇ ಕೊಳ್ಳಬೇಕು. ದೀಪದ ಬೆಳಕಿನಲ್ಲಿ ಬಿರುಕು ಕಾಣುವುದಿಲ್ಲ. ಕಂಚಿನ ಪಾತ್ರೆಯನ್ನು ಬೆರಳ ಗಿಣ್ಣಿನಿಂದ ಬಡಿಯಿರಿ. ಗಟ್ಟಿಯಾದದ್ದು ಗಂಟೆಯಂತೆ ನಾದ ಕೊಡುತ್ತದೆ, ಸೀಳು ಬಿಟ್ಟದ್ದು ಮಡಕೆಯಂತೆ ಬೊದ್ದ ಶಬ್ದ ಮಾಡುತ್ತದೆ. ಕೊಡಕ್ಕೆ ನೀರು ತುಂಬಿಸಿ ಸ್ವಲ್ಪ ಹೊತ್ತು ಇಟ್ಟು ತಳ ಮುಟ್ಟಿ ನೋಡಿರಿ. ತಾಮ್ರ, ಹಿತ್ತಾಳೆಯ ಪಾತ್ರೆಯಲ್ಲಿ ಹುಳಿ ಪದಾರ್ಥ ಅಡುವುದಾದರೆ ಕಲಾಯಿ ಮಾಡಿಸದೆ ಒಲೆಗಿಡಬೇಡಿರಿ. ಮರದ ಮಂಚ, ಪೆಟ್ಟಿಗೆಗಳನ್ನು ತಿರುವಿ ಹಾಕಿ ಅಡಿಭಾಗ ನೋಡಿರಿ. ಸಣ್ಣ ತೂತುಗಳಿಂದ ಹುಡಿ ಉದುರಿದರೆ ಹುಳು ಒಳಗಿದೆಯೆಂದು ಅರ್ಥ; ಅದು ನಿಮ್ಮ ಮನೆಯ ತೊಲೆಯನ್ನೂ ಹಿಡಿದೀತು. ಹೊಲಿಗೆ ಯಂತ್ರವಾದರೆ ನಿಮ್ಮದೇ ಬಟ್ಟೆಯ ಚೂರು ಒಯ್ದು ನಾಲ್ಕು ಮೊಳ ಹೊಲಿದು ನೋಡಿದ ಮೇಲೆ ಬೆಲೆಯ ಮಾತು.

ಎತ್ತು ಕೊಳ್ಳುವವರಿಗೆ ನಾವು ಹೇಳಿಕೊಡಬೇಕಾದ್ದಿಲ್ಲ, ಆದರೂ ಹೊಸ ತಲೆಮಾರಿನವರು ಕೇಳಲಿ. ಎತ್ತಿನ ಮುಂಬಲ್ಲುಗಳು ಕೆಳದವಡೆಯಲ್ಲಿ ಮಾತ್ರ, ಒಟ್ಟು ಎಂಟು. ಹಾಲುಹಲ್ಲು ಬಿದ್ದು ಮೊದಲ ಜೊತೆ ಸುಮಾರು ಎರಡು ವರ್ಷಕ್ಕೆ ಬರುತ್ತದೆ; ನಾಲ್ಕೈದು ವರ್ಷಕ್ಕೆ ಬಾಯಿಗೂಡುತ್ತದೆ. ಆಮೇಲಿನ ವಯಸ್ಸನ್ನು ಹಲ್ಲಿನ ಸವೆತದಿಂದ ಅಂದಾಜು ಮಾಡಬೇಕು. ಹಲ್ಲಿನಷ್ಟೇ ಮುಖ್ಯ ಹೆಗಲ ಹುಣ್ಣು, ಗೊರಸು, ಉಸಿರು. ಗಾಡಿಗೆ ಹೂಡಿ ನಡೆಸಿ ನೋಡಿರಿ. ದಲ್ಲಾಳಿಗಳು ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವ ಪದ್ಧತಿ ನಮ್ಮ ದನದ ಸಂತೆಗಳಲ್ಲಿ ಬಹುಕಾಲದಿಂದ ಬಂದಿದೆ. ಬೆರಳ ಭಾಷೆ ತಿಳಿಯದವನು ಮಾರುವವನನ್ನೇ ಎದುರಿಗೆ ಕರೆದು ಬಾಯಿಬಿಟ್ಟು ಕೇಳುವುದು ಕ್ಷೇಮ.

ಇನ್ನು ಕೆಲವು ವಸ್ತುಗಳನ್ನು ಎಷ್ಟೇ ಅಗ್ಗವಾದರೂ ಮುಟ್ಟಬಾರದು. ಬೆಳೆಗೆ ಹೊಡೆಯುವ ಔಷಧಿ ತುಂಬಿದ್ದ ಡಬ್ಬಿ, ರಾಸಾಯನಿಕ ತುಂಬಿದ್ದ ನೀಲಿ ಡ್ರಮ್ಮು ಇವುಗಳನ್ನು ತೊಳೆದು ಕುಡಿಯುವ ನೀರಿಗೆ, ಕಾಳಿಗೆ ಬಳಸುವವರನ್ನು ಕಂಡಿದ್ದೇವೆ. ತೊಳೆದರೆ ವಾಸನೆ ಹೋದೀತು, ವಿಷ ಹೋಯಿತೆಂದು ಯಾರು ಹೇಳಬಲ್ಲರು? ಹಳೆಯ ಗ್ಯಾಸಿನ ಕೊಳವೆ, ತಳ ಉಬ್ಬಿದ ಕುಕ್ಕರು, ಚೀಟಿ ಹರಿದ ಔಷಧಿ ಬೇಡವೇ ಬೇಡ. ಜೀವಕ್ಕೆ ಸಂಬಂಧಿಸಿದಲ್ಲಿ ಉಳಿತಾಯದ ಮಾತಿಲ್ಲ.

ಬೆಲೆ ಕಟ್ಟುವಾಗ ಕೊಟ್ಟ ಹಣವನ್ನಷ್ಟೇ ಎಣಿಸಬೇಡಿರಿ. ಹಳೆಯ ನೀರೆತ್ತುವ ಮೋಟಾರು ನಾಲ್ಕು ಸಾವಿರಕ್ಕೆ ಸಿಕ್ಕಿತೆಂದು ಹಿಡಿಯಿರಿ. ರೀವೈಂಡಿಂಗಿಗೆ ಮೂರು ಸಾವಿರ, ಬೇರಿಂಗಿಗೆ ಐನೂರು, ತರುವ ಗಾಡಿಗೆ ಐನೂರು ಆದರೆ ಅದರ ಬೆಲೆ ಎಂಟು ಸಾವಿರ. ಅಷ್ಟರ ಮೇಲೆ ಬೇಸಿಗೆಯ ನಡುವೆ ಅದು ಮತ್ತೆ ಸುಟ್ಟರೆ ಬೆಳೆಯ ಬೆಲೆಯನ್ನೂ ಸೇರಿಸಬೇಕು. ಈ ಮೊತ್ತ ಹೊಸದರ ಹತ್ತಿರಕ್ಕೆ ಬಂದರೆ, ಒಂದು ಸುಗ್ಗಿ ಕಾದು ಹೊಸದನ್ನೇ ಕೊಳ್ಳುವುದು ಜಾಣತನ.

ಮೂರನೆಯದು, ಯಾರದು ಎಂಬ ಪ್ರಶ್ನೆ. ಇದೇ ಮುಖ್ಯವಾದದ್ದು, ಇದನ್ನೇ ಯಾರೂ ಕೇಳುವುದಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿ 1905ರಲ್ಲಿ ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದಿತು, ಪಂಡಿತ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಅದರ ಕಂಟಕಶೋಧನವೆಂಬ ನಾಲ್ಕನೆಯ ಅಧಿಕರಣದಲ್ಲಿ ಹಳೆಯ ಸರಕಿನ ಮಾರಾಟಕ್ಕೇ ಒಂದು ವಿಧಿಯುಂಟು. ಹಳೆಯ ವಸ್ತುವನ್ನು ಮಾರುವವನು ಅದು ತನ್ನದೆಂದು ಶುದ್ಧವಾಗಿ ತೋರಿಸಿದ ಮೇಲೆಯೇ ಪೇಟೆಯ ಅಧಿಕಾರಿಯು ಮಾರಲು, ಒತ್ತೆಯಿಡಲು ಬಿಡಬೇಕು ಎಂಬುದು ಅದರ ತಾತ್ಪರ್ಯ. ಹೊಸ ಸರಕಿಗೆ ಮಾಡಿದವನು ಗೊತ್ತು. ಹಳೆಯದು ಕೈಯಿಂದ ಕೈಗೆ ಬಂದದ್ದು, ನಡುವೆ ಕಳ್ಳನ ಕೈಯೂ ಇರಬಹುದು. ಇದನ್ನು ಅಷ್ಟು ಹಿಂದೆಯೇ ಕಂಡಿದ್ದರು.

ಇಂದಿನ ಕಾನೂನೂ ಇದೇ ಮಾತನ್ನು ಹೇಳುತ್ತದೆ. ಕದ್ದದ್ದೆಂದು ತಿಳಿದು, ಅಥವಾ ಹಾಗೆ ನಂಬಲು ಕಾರಣವಿದ್ದೂ ಕೊಳ್ಳುವುದು ಅಪರಾಧ. ಹಿಂದೆ ಭಾರತೀಯ ದಂಡ ಸಂಹಿತೆಯ 411ನೆಯ ಕಲಮಿನಲ್ಲಿದ್ದ ಈ ವಿಧಿ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 317ನೆಯ ಕಲಮಾಗಿದೆ. ಆದ್ದರಿಂದ ಹಳೆಯ ಮೋಟಾರ್ ಸೈಕಲ್ ಕೊಳ್ಳುವವರು ಆರ್.ಸಿ. ಯಾರ ಹೆಸರಿನಲ್ಲಿದೆ ನೋಡಿ, 29 ಮತ್ತು 30ನೆಯ ನಮೂನೆಗಳಿಗೆ ಸಹಿ ಹಾಕಿಸಿಕೊಂಡು ನಿಮ್ಮ ಹೆಸರಿಗೆ ವರ್ಗ ಮಾಡಿಸಿಕೊಳ್ಳಿರಿ. ಮೊಬೈಲ್ ಕೊಳ್ಳುವ ಹುಡುಗರು ಅದರ ಐ.ಎಂ.ಇ.ಐ. ಸಂಖ್ಯೆಯನ್ನು, ಸರ್ಕಾರ 2023ರಲ್ಲಿ ತೆರೆದ ಸಂಚಾರ್ ಸಾಥಿ ವ್ಯವಸ್ಥೆಯಲ್ಲಿ ಪರೀಕ್ಷಿಸಿಕೊಳ್ಳಿರಿ. ಪಾತ್ರೆಯ ಕಂಠದಲ್ಲಿ ಗುಡಿಯ ಅಥವಾ ಮಠದ ಹೆಸರು ಕೆತ್ತಿದ್ದರೆ ಅದನ್ನು ಬಿಟ್ಟಿ ಕೊಟ್ಟರೂ ಮುಟ್ಟದೆ, ಆ ಊರಿನವರಿಗೆ ಸುದ್ದಿ ಮುಟ್ಟಿಸಿರಿ.

ಯಾರದು ಎಂಬ ಪ್ರಶ್ನೆಗೆ ಇನ್ನೊಂದು ಅರ್ಥವಿದೆ. ಮಾರುವವನೇ ಒಡೆಯ, ಕಳವಿನದಲ್ಲ. ಆದರೆ ಅವನು ಏಕೆ ಮಾರುತ್ತಿದ್ದಾನೆ? 2023ರ ಬರವನ್ನು ನೀವು ಮರೆತಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರ ಸಾರಿತು. ಅಂಥ ವರ್ಷ ಮೇವಿಲ್ಲದವನು ಎತ್ತನ್ನು ಸಂತೆಗೆ ಹೊಡೆಯುತ್ತಾನೆ. ಮಾರುವವರು ನೂರು, ಕೊಳ್ಳುವವರು ಹತ್ತು. ಬೆಲೆ ತಾನಾಗಿಯೇ ನೆಲಕ್ಕಿಳಿಯುತ್ತದೆ. ಮೇವಿದ್ದವನಿಗೆ ಅದು ಸುಗ್ಗಿ. ಅವನು ಕೊಳ್ಳಬಾರದೇ? ಕೊಳ್ಳಲಿ. ಯಾರೂ ಕೊಳ್ಳದಿದ್ದರೆ ಮಾರುವವನ ಗತಿಯೇನು? ಆದರೆ ಬಿದ್ದವನ ಕೊರಳ ಮೇಲೆ ಕಾಲಿಟ್ಟು ಇನ್ನೂ ನೂರು ಇಳಿಸು, ಇನ್ನೂ ಐನೂರು ಇಳಿಸು ಎನ್ನುವುದು ವ್ಯಾಪಾರವಲ್ಲ.

ಕೆಲವು ವರ್ಷಗಳ ಹಿಂದೆ ಭಕ್ತರೊಬ್ಬರು ಸಂತೆಯಲ್ಲಿ ಕೊಂಡ ತಾಮ್ರದ ಹಂಡೆಯನ್ನು ಮಠಕ್ಕೆ ತಂದು ತೋರಿಸಿದರು. ತೂಕದ ಬೆಲೆಗಿಂತಲೂ ಕಡಿಮೆಗೆ ಸಿಕ್ಕಿತೆಂದು ಅವರಿಗೆ ಸಂತೋಷ. ಕಂಠದ ಸುತ್ತ ಒಬ್ಬ ಹೆಣ್ಣುಮಗಳ ಹೆಸರು, ಅವಳ ತವರೂರಿನ ಹೆಸರು ಕೆತ್ತಿತ್ತು. ಮದುವೆಯಲ್ಲಿ ತಂದೆ ಕೊಟ್ಟದ್ದೆಂದು ನೋಡಿದ ಕೂಡಲೇ ತಿಳಿಯುತ್ತಿತ್ತು. ನಾವು ಹೆಸರನ್ನು ಗಟ್ಟಿಯಾಗಿ ಓದಿದೆವು, ಬೇರೇನೂ ಹೇಳಲಿಲ್ಲ. ಅವರ ಮನೆಯಾಕೆ ಮಾತ್ರ ಸುಮ್ಮನಿರಲಿಲ್ಲ. ಗಂಡನನ್ನು ಕರೆದುಕೊಂಡು ಆ ಮನೆಯನ್ನು ಹುಡುಕಿದರು. ಮಗನ ಆಸ್ಪತ್ರೆಯ ಖರ್ಚಿಗೆ ಆ ತಾಯಿ ಹಂಡೆಯನ್ನು ಮಾರಿದ್ದಳು. ಇವರು ತೂಕದ ಬೆಲೆಗೆ ಎಷ್ಟು ಕಡಿಮೆಯಾಗಿತ್ತೋ ಅಷ್ಟನ್ನು ಕೊಟ್ಟು ಹೇಳಿದರಂತೆ: "ಅಕ್ಕಾ, ಹಂಡೆ ನಮ್ಮ ಬಚ್ಚಲಲ್ಲಿರುತ್ತದೆ. ನಿಮಗೆ ಅನುಕೂಲವಾದ ದಿನ ಇದೇ ಬೆಲೆ ಕೊಟ್ಟು ತೆಗೆದುಕೊಂಡು ಹೋಗಿ." ಮೂರು ವರ್ಷದ ಮೇಲೆ ಆಕೆ ಬಂದು ಒಯ್ದಳು. ಈ ವ್ಯಾಪಾರದಲ್ಲಿ ನಷ್ಟವಾದದ್ದು ಯಾರಿಗೆ? ಮೂರು ವರ್ಷ ಬಿಸಿನೀರು ಕಾಯಿಸಿಕೊಂಡರು, ಕೊಟ್ಟ ಹಣ ಪೂರ್ತಿ ಬಂದಿತು, ಒಂದು ಮನೆತನದ ನೆಂಟಸ್ತನ ಉಳಿಯಿತು.

ಹಾಗಾದರೆ ಚೌಕಾಶಿ ಮಾಡಲೇಬಾರದೇ? ಮಾಡಿರಿ. ಗುಜರಿ ವ್ಯಾಪಾರಿಯ ಹತ್ತಿರ ಧಾರಾಳವಾಗಿ ಮಾಡಿರಿ. ಅವನು ಅದಕ್ಕೆ ಸೇರಿಸಿಯೇ ಬೆಲೆ ಹೇಳಿರುತ್ತಾನೆ, ಕೊಳ್ಳುವುದು ಮಾರುವುದು ಅವನ ನಿತ್ಯದ ಕಾಯಕ. ಬೆಳಿಗ್ಗೆ ಹೋದರೆ ಆರಿಸಲು ಹೆಚ್ಚು ಸಿಗುತ್ತದೆ, ಸಂತೆ ಕಳೆಯುವ ಹೊತ್ತಿಗೆ ಹೋದರೆ ಬೆಲೆ ಇಳಿಯುತ್ತದೆ. ಇದೆಲ್ಲ ನ್ಯಾಯವಾದ ಜಾಣತನ. ಆದರೆ ಮನೆಯ ಒಂದೇ ಒಂದು ವಸ್ತುವನ್ನು ಸೆರಗಿನಲ್ಲಿ ಮುಚ್ಚಿ ತಂದು ಮೂಲೆಯಲ್ಲಿ ನಿಂತವರನ್ನು ಗುರುತಿಸಿರಿ. ಅವರಿಗೆ ಚೌಕಾಶಿ ಬರುವುದಿಲ್ಲ, ಕೇಳಿದ ಬೆಲೆಗೆ ಕೊಟ್ಟುಬಿಡುತ್ತಾರೆ. ಅಲ್ಲಿ ಬೆಲೆ ಕಟ್ಟುವವರು ನೀವೇ. ನಿಮ್ಮ ಅಕ್ಕನೋ ತಂಗಿಯೋ ಮಾರಲು ನಿಂತಿದ್ದರೆ ಎಷ್ಟು ಸಿಗಲೆಂದು ಬಯಸುತ್ತಿದ್ದಿರೋ ಅಷ್ಟನ್ನು ಕೊಡಿರಿ.

ಕಡೆಯದಾಗಿ ಒಂದು ಮಾತು. ಹೀಗೆ ವಿವೇಕದಿಂದ ಕೊಂಡು ಉಳಿಸಿದ ಹಣ ಎಲ್ಲಿಗೆ ಹೋಗಬೇಕು? ಸಂತೆಯಲ್ಲಿ ಉಳಿಸಿದ್ದನ್ನು ಸಂಜೆ ಮದ್ಯದಂಗಡಿಗೆ ಸುರಿದರೆ ಉಳಿತಾಯವೆಂಬ ಮಾತಿಗೆ ಅರ್ಥವಿಲ್ಲ. ಮೊದಲು ಸಾಲ ತೀರಲಿ. ಆಮೇಲೆ ಮಕ್ಕಳ ಓದಿಗೆ ಸಲ್ಲಲಿ. ಅದರಲ್ಲಿಯೂ ಹಿಡಿ ಮಿಕ್ಕರೆ ದಾಸೋಹಕ್ಕಿರಲಿ. ಮಿತವ್ಯಯಕ್ಕೂ ಜಿಪುಣತನಕ್ಕೂ ಇರುವ ಭೇದ ಇಷ್ಟೇ: ಜಿಪುಣನು ಉಳಿಸಿದ್ದು ಅವನಿಗೂ ಆಗುವುದಿಲ್ಲ, ಪರರಿಗೂ ಆಗುವುದಿಲ್ಲ, ಮಿತವ್ಯಯಿಯು ಉಳಿಸಿದ್ದು ಇಬ್ಬರಿಗೂ ಆಗುತ್ತದೆ. ನಿಮ್ಮ ಮನೆಯಲ್ಲಿಯೂ ಅಷ್ಟೇ. ಬೇಡವಾದ ಒಳ್ಳೆಯ ವಸ್ತುವನ್ನು ಅಟ್ಟದ ಮೇಲೆ ತುಕ್ಕು ಹಿಡಿಸಬೇಡಿರಿ. ಅದರ ದೋಷವನ್ನು ಮುಚ್ಚದೆ ಹೇಳಿ ಮಾರಿರಿ, ಇಲ್ಲವೇ ಬೇಕಾದವರಿಗೆ ಕೊಡಿರಿ.

ಬೇಕೆ, ಬಾಳೀತೆ, ಯಾರದು ಎಂಬ ಮೂರು ಪ್ರಶ್ನೆಗಳನ್ನು ಪಟ್ಟಿಯ ಮೇಲ್ಭಾಗದಲ್ಲಿಯೇ ಬರೆದುಕೊಂಡು ಮುಂದಿನ ಸಂತೆಗೆ ಹೋಗಿರಿ. ನೀವು ತಂದ ವಸ್ತು ನಿಮ್ಮ ಮನೆಯಲ್ಲಿ ಬಹುಕಾಲ ಬಾಳಲಿ, ಅದನ್ನು ಕೊಟ್ಟವರೂ ಬಾಳಲಿ ಎಂದು ಹರಸಿ ನಮ್ಮ ಮಾತಿಗೆ ಮಂಗಳ ಹಾಡುತ್ತೇವೆ.